ಬಾಣಲೆ ಮುಂದಿನ ಕನ್ನಡಕ

"ಆಂಟಿ ಏನ್ ಮಾಡ್ತಾರೆ ಮೇಡಂ?"

ಕನ್ನಡಕದ ಅಂಗಡಿಯವನು ಇದನ್ನು ಕೇಳಿದ್ದು ಚೂಡಾಮಣಿಯವರನ್ನಲ್ಲ, ಅವರ ಮಗಳು ಅಕ್ಷಯಾಳನ್ನು. ಚೂಡಾಮಣಿಯವರು ಅಲ್ಲೇ ಪಕ್ಕದಲ್ಲಿ, ಬೆಲೆಚೀಟಿ ನೇತಾಡುತ್ತಿದ್ದ ಫ್ರೇಮೊಂದನ್ನು ಮೂಗಿನ ಮೇಲಿಟ್ಟುಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದರು.

"ಮನೇಲೇ ಇರ್ತಾರೆ," ಎಂದಳು ಅಕ್ಷಯಾ. ಅವಳ ಜೀವವೆಲ್ಲ ಸೊಂಟದ ಮೇಲಿದ್ದ ಮಗುವಿನ ಕೈಗಳ ಮೇಲಿತ್ತು. ಮೂರು ವರ್ಷದ ಆರಾಧನಾ ಗಾಜಿನ ಕಪಾಟಿನತ್ತ ಒಂದೇ ಸಮನೆ ಬಾಗುತ್ತಿದ್ದಳು. ಗಾಜು ಒಡೆದರೆ, ಚೂರು ಕೈಗೆ ಹೊಕ್ಕರೆ, ಆಸ್ಪತ್ರೆ, ಹೊಲಿಗೆ, ಟಿಟಿ ಇಂಜೆಕ್ಷನ್ನು ಎಂದು ಅಕ್ಷಯಾಳ ಮನಸ್ಸು ಆಗಲೇ ಅಷ್ಟು ದೂರ ಓಡಿಹೋಗಿತ್ತು.

"ಟಿವಿ, ಮೊಬೈಲ್ ನೋಡ್ತಾರಾ?"

"ಈಗ ಯಾರು ನೋಡಲ್ಲ ಹೇಳಿ."

"ಹಂಗಾದ್ರೆ ಬ್ಲೂ ಕಟ್ ಹಾಕಿಸ್ಬಿಡಿ ಮೇಡಂ. ಆ ನೀಲಿ ಬೆಳಕು ಕಣ್ಣಿಗೆ ಒಳ್ಳೇದಲ್ಲ."

ಅವನು ಪೆನ್ನಿನಂಥ ಸಣ್ಣದೊಂದು ಟಾರ್ಚು ತೆಗೆದ. ಬಿಳಿ ಕಾರ್ಡೊಂದರ ಮೇಲೆ ಅದರ ನೀಲಿ ಬೆಳಕು ಬಿಟ್ಟ. ನಡುವೆ ಮಾಮೂಲಿ ಗಾಜು ಹಿಡಿದರೆ ಬೆಳಕು ತೂರಿ ಬಂತು. ಬ್ಲೂ ಕಟ್ ಗಾಜು ಹಿಡಿದರೆ ನಿಂತುಹೋಯಿತು. ಅಷ್ಟು ಸಾಕಾಯಿತು ಅಕ್ಷಯಾಳಿಗೆ. ಪರದೆಗಳಿಂದ ಕಣ್ಣಿಗಾಗುವ ಕೇಡಿನ ಬಗ್ಗೆ ಅವಳು ಓದದೇ ಬಿಟ್ಟ ಲೇಖನವಿರಲಿಲ್ಲ. ಅಮ್ಮನಿಗೆ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದನ್ನೇ ಕೊಡಿಸಬೇಕೆಂದು ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. "ಅದೇ ಇರಲಿ," ಎಂದುಬಿಟ್ಟಳು.

ಕನ್ನಡಿಯೊಳಗಿಂದ ಚೂಡಾಮಣಿಯವರು ಮಗಳನ್ನೊಮ್ಮೆ ನೋಡಿದರು. ಹಿಂದಿನ ದಿನವಷ್ಟೇ ಹನುಮಂತನಗರದ ಗೃಹಪ್ರವೇಶವೊಂದರಲ್ಲಿ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಬಾಣಲೆಯ ಮುಂದೆ ನಿಂತು ಬಂದಿದ್ದರು. ತಲೆಗೂದಲಿನಲ್ಲಿ ಕಾದ ಎಣ್ಣೆಯ ವಾಸನೆ ಇನ್ನೂ ಇತ್ತು. ಬಾಯಿ ತೆರೆದು ಹೇಳಬಹುದಿತ್ತು. ಅಷ್ಟರಲ್ಲಿ ಆರಾಧನಾ ರಾಗ ಎಳೆದಳು, ಅಕ್ಷಯಾ "ಬೇಗ ಅಮ್ಮ, ಇವಳಿಗೆ ಹಸಿವು" ಎಂದಳು, ಮಾತು ಅಲ್ಲಿಗೇ ನಿಂತಿತು.

ಬಸವನಗುಡಿ, ಚಾಮರಾಜಪೇಟೆಯ ಛತ್ರಗಳಲ್ಲಿ ಅವರನ್ನು ಯಾರೂ ಚೂಡಾಮಣಿ ಎಂದು ಕರೆಯುತ್ತಿರಲಿಲ್ಲ. ಚಿರೋಟಿ ಚೂಡಮ್ಮ ಎಂದರೆ ಎಲ್ಲರಿಗೂ ಗೊತ್ತು. ಗಂಡ ರಾಮಸ್ವಾಮಿ ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಅಕ್ಷಯಾ ಹೈಸ್ಕೂಲಿನಲ್ಲಿರುವಾಗಲೇ ಹೋಗಿಬಿಟ್ಟರು. ಅದಕ್ಕೂ ಮುಂಚಿನಿಂದಲೇ ಚೂಡಮ್ಮ ವಠಾರದ ನಾಮಕರಣ, ಸೀಮಂತಗಳಿಗೆ ಸಹಾಯಕ್ಕೆ ಹೋಗುತ್ತಿದ್ದರು. ಮದುವೆ ಅಡಿಗೆ ಒಪ್ಪಿಕೊಳ್ಳುವ ಶ್ರೀನಿವಾಸಯ್ಯನವರು ಅವರ ಕೈಚಳಕ ನೋಡಿ ತಮ್ಮ ತಂಡಕ್ಕೆ ಸೇರಿಸಿಕೊಂಡರು.

ಆದರೆ ಸೇರಿಸಿಕೊಂಡದ್ದು ಲಟ್ಟಣಿಗೆಗೆ. ಮದುವೆ ಅಡಿಗೆಮನೆಗಳಲ್ಲಿ ಒಂದು ಪದ್ಧತಿಯಿದೆ. ಯಾರು ಮಾಡಿದರೋ, ಎಲ್ಲೂ ಬರೆದಿಟ್ಟಿಲ್ಲ. ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು ಕಾಯಿ ತುರಿಯಬೇಕು, ತರಕಾರಿ ಹೆಚ್ಚಬೇಕು, ಹಿಟ್ಟು ಲಟ್ಟಿಸಬೇಕು. ಬಾಣಲೆ, ಸೌಟು, ಒಲೆಯ ಮುಂದೆ ನಿಲ್ಲುವ ಜಾಗ ಗಂಡಸರದು. ಹೊಗಳಿಕೆ ಬಂದರೆ ಅದು ನಿಂತವರಿಗೆ ಬರುತ್ತದೆ, ಕೂತವರಿಗಲ್ಲ. ಚೂಡಮ್ಮನೂ ಹಾಗೆ ವರ್ಷಗಟ್ಟಲೆ ಕೂತರು. ಒಂದು ಮದುವೆಯಲ್ಲಿ ಕರಿಯುವವನು ಜ್ವರ ಎಂದು ಬರಲೇ ಇಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಚೂಡಮ್ಮ ಕೈಗೆ ಮೆತ್ತಿದ್ದ ಹಿಟ್ಟು ಒರೆಸಿಕೊಂಡು ಎದ್ದು ಹೋಗಿ ಬಾಣಲೆಯ ಮುಂದೆ ನಿಂತರು. ಯಾರನ್ನೂ ಕೇಳಲಿಲ್ಲ. ಅವತ್ತು ನಿಂತವರು ಮತ್ತೆ ಕೂತಿರಲಿಲ್ಲ.

ಚಿರೋಟಿ ಕರಿಯುವುದು ಹೊರಗಿನವರಿಗೆ ಸುಲಭದ ಕೆಲಸದಂತೆ ಕಾಣುತ್ತದೆ. ಜಾಮೂನಾದರೆ ಕೆಂಪಗಾದರೆ ಆಯಿತು. ಚಿರೋಟಿ ಕೆಂಪಗಾಗುವ ಹಾಗಿಲ್ಲ. ಬೆಳ್ಳಗೇ ಇರಬೇಕು, ಆದರೆ ಹಸಿ ಇರಬಾರದು. ಎಣ್ಣೆಯೊಳಗೆ ಪದರಗಳು ಬಿಚ್ಚಿಕೊಳ್ಳುತ್ತಿರುವಾಗ ಮೊದಲು ಒಂದು ಒದ್ದೆ ಬಿಳುಪು ಇರುತ್ತದೆ. ಆಮೇಲೆ ಅದು ಒಣ ಬಿಳುಪಾಗುತ್ತದೆ. ಆಮೇಲೆ ಪದರದ ಅಂಚಿಗೆ ಮಾತ್ರ ಹಾಲಿನ ಕೆನೆಯ ಬಣ್ಣ ಹತ್ತುತ್ತದೆ. ಹತ್ತಿದ ಆ ಗಳಿಗೆಯಲ್ಲೇ ಎತ್ತಬೇಕು. ಮುಂಚೆ ಎತ್ತಿದರೆ ಬಾದಾಮಿ ಹಾಲು ಬಿದ್ದೊಡನೆ ಗೋಂದು, ತಡಮಾಡಿದರೆ ಎಲೆಯ ಮೇಲೆ ರೊಟ್ಟಿಯ ಬಣ್ಣ. ಇತ್ತೀಚೆಗೆ ಆ ಅಂಚು ಮಸುಕಾಗಿ ಕಾಣತೊಡಗಿತ್ತು. ಕನ್ನಡಕ ಬೇಕು ಎಂದು ಚೂಡಮ್ಮನೇ ಕೇಳಿದ್ದು ಅದಕ್ಕಾಗಿ.

ಹೊಸ ಕನ್ನಡಕ ಹಾಕಿಕೊಂಡು ಹೋದ ಮೊದಲ ಮದುವೆ ಮಲ್ಲೇಶ್ವರದ್ದು. ಅಂಚೇನೋ ಚೊಕ್ಕವಾಗಿ ಕಂಡಿತು. ಆದರೆ ಬಾಣಲೆಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಕೆನೆ ಬಣ್ಣ ಹತ್ತಿದಂತೆಯೂ ಕಂಡಿತು. ಅವರ ಕೈ ಇನ್ನೂ ಆಗಿಲ್ಲ ಎನ್ನುತ್ತಿತ್ತು. ಸೌಟಿಗೆ ಬಂದ ಚಿರೋಟಿಯ ಭಾರ ಬೇರೆ ಥರ ಇತ್ತು. ಕಣ್ಣು ಮಾತ್ರ ಆಯಿತು, ಎತ್ತು ಎಂದಿತು. ಮಗಳು ಕೊಡಿಸಿದ ದುಬಾರಿ ಗಾಜು, ಹೊಸದು. ಚೂಡಮ್ಮ ಕೈಯನ್ನು ಬಿಟ್ಟು ಕಣ್ಣನ್ನು ನಂಬಿದರು.

ಎರಡನೇ ಪಂಕ್ತಿ ಏಳುವ ಹೊತ್ತಿಗೆ ಶ್ರೀನಿವಾಸಯ್ಯನವರು ಅಡಿಗೆಮನೆಗೆ ಬಂದರು. ಕೈಯಲ್ಲಿ ಒಂದು ಎಲೆ, ಎಲೆಯ ಮೇಲೆ ಹಾಲಿನಲ್ಲಿ ಮುದ್ದೆಯಾಗಿದ್ದ ಚಿರೋಟಿ. ಬೆನ್ನ ಹಿಂದೆ ಹುಡುಗಿಯ ಕಡೆಯ ಚಿಕ್ಕಪ್ಪನೋ ದೊಡ್ಡಪ್ಪನೋ ಒಬ್ಬರು.

"ಇದೇನ್ ಚೂಡಮ್ಮ ಇದು? ಎಲ್ರೂ ಎಲೇಲೇ ಬಿಟ್ಟೋಗಿದಾರೆ."

ಚೂಡಮ್ಮ ಬೆರಳಲ್ಲಿ ಮುಟ್ಟಿ ನೋಡಿದರು. ಒಳಗೆ ಹಸಿ.

"ವಯಸ್ಸಾಯ್ತು, ಕಣ್ಣು ಹೋಯ್ತು. ಯಾರಿಗಾದ್ರೂ ಆಗೋದೇ," ಎಂದರು ಶ್ರೀನಿವಾಸಯ್ಯ, ಬಂದ ನೆಂಟರಿಗೂ ಕೇಳಿಸಲಿ ಎಂಬಂತೆ. "ಮುಂದಿನ ಚಾಮರಾಜಪೇಟೆ ಮದುವೆಗೆ ನೀವು ಲಟ್ಟಣಿಗೆ ಕಡೆ ಕೂತ್ಕೊಳ್ಳಿ. ಬಾಣಲೆಗೆ ಬೋಂಡ ಕರಿಯೋ ಅನಿರುದ್ಧನ್ನ ಕರೆಸ್ತೀನಿ."

ಲಟ್ಟಿಸುತ್ತಿದ್ದ ಹೆಂಗಸರ ಕೈಗಳು ಒಂದು ಕ್ಷಣ ನಿಂತು ಮತ್ತೆ ಓಡಿದವು. ಕೂತರೆ ಮುಗಿಯಿತು ಎಂದು ಚೂಡಮ್ಮನಿಗೆ ಗೊತ್ತಿತ್ತು. ಆ ಅಡಿಗೆಮನೆಯಲ್ಲಿ ಕೂತ ಹೆಂಗಸನ್ನು ಎರಡನೇ ಸಲ ಯಾರೂ ಎಬ್ಬಿಸುವುದಿಲ್ಲ.

ಮಾರನೆಯ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಅವರಿಗೂ ಹೂವಿನ ಕಮಲಮ್ಮನಿಗೂ ಜಗಳವಾಯಿತು. ದಿನಾ ಹೂವು ಕೊಳ್ಳುವ ಜಾಗ, ಜಗಳವಾಡಿದ್ದೇ ಇಲ್ಲ.

"ನಿನ್ನೆ ಹೂವು ಕೊಡ್ತಿದೀಯಲ್ಲ ಕಮಲಮ್ಮ, ನಂಗೂ ಹಿಂಗೆ ಮಾಡ್ತೀಯಾ?"

"ಏನಮ್ಮ ಹಿಂಗಂತೀರ. ಈಗಿನ್ನ ಬುಟ್ಟಿ ಇಳಿಸಿದೀನಿ. ನೋಡಿ, ಮೊಗ್ಗೇ ಬಿರಿದಿಲ್ಲ."

"ಬಾಡಿ ಹಳದಿಯಾಗಿದೆ. ನನಗೆ ಕಣ್ಣಿಲ್ವಾ?"

"ಕಣ್ಣಿದೆ, ಅದ್ರ ಮುಂದೆ ಇನ್ನೇನೋ ಇದೆ. ತೆಗೆದು ನೋಡಿ," ಎಂದರು ಕಮಲಮ್ಮ, ದಾರ ಹಲ್ಲಲ್ಲಿ ಕಚ್ಚಿಕೊಂಡೇ. "ನಮ್ಮ ಅಂಗಡೀಲಿ ಅರಿಶಿನ ಮಲ್ಲಿಗೆ ಮಾರಲ್ಲ."

ಚೂಡಮ್ಮ ಕನ್ನಡಕ ತೆಗೆದರು. ಮಲ್ಲಿಗೆ ಸ್ವಲ್ಪ ಮಸುಕಾಯಿತು, ಬೆಳ್ಳಗಾಯಿತು. ಹಾಕಿಕೊಂಡರು. ಮೊಗ್ಗಿನ ತುದಿ ಚೂಪಾಯಿತು, ಬಣ್ಣ ನಿನ್ನೆಯದಾಯಿತು. ಮತ್ತೆ ತೆಗೆದರು. ಹಿಂದೆ ನಿಂತಿದ್ದವರು "ಏನ್ರೀ, ಹೂವು ಕೊಳ್ತೀರೋ ಕಣ್ಣು ಪರೀಕ್ಷೆ ಮಾಡಿಸ್ಕೊಳ್ತೀರೋ" ಎಂದು ರೇಗಿದರು. ಚೂಡಮ್ಮ ಎರಡು ಮೊಳ ಜಾಸ್ತಿ ಕೊಂಡು, ಕಮಲಮ್ಮನ ಕೈ ಒತ್ತಿ, ನಿಲ್ಲದೆ ಮನೆಗೆ ಬಂದರು.

ಮನೆಯಲ್ಲಿ ತಟ್ಟೆಯ ಮೇಲೆ ಪುಡಿಸಕ್ಕರೆ, ಅಕ್ಕಿಹಿಟ್ಟು, ಒಗೆದ ಬಟ್ಟೆಯ ತುದಿ, ಸಿಕ್ಕ ಬಿಳಿಯನ್ನೆಲ್ಲ ಇಟ್ಟು ನೋಡಿದರು. ಗಾಜು ಎಲ್ಲಕ್ಕೂ ತುಸು ಕೆನೆ ಬಳಿದಿತ್ತು. ತೀರಾ ತುಸುವೇ. ಪತ್ರಿಕೆ ಓದುವವರಿಗೆ ಗೊತ್ತೇ ಆಗದಷ್ಟು. ಚಿರೋಟಿಯನ್ನು ಹಸಿಯಾಗಿ ಎತ್ತಿಬಿಡುವಷ್ಟು.

ಸಂಜೆ ಅಕ್ಷಯಾ ಮಗುವನ್ನು ಕರೆದುಕೊಂಡು ಬಂದಳು. ಚೂಡಮ್ಮ ತೋರಿಸಿದ್ದನ್ನೆಲ್ಲ ನೋಡಿದಳು, ನೋಡಿಯೂ ಒಪ್ಪಲಿಲ್ಲ.

"ಎಲ್ರೂ ಹಾಕ್ಕೊಳ್ತಾರೆ ಅಮ್ಮ. ನಮ್ಮ ಬ್ಯಾಂಕಲ್ಲಿ ಅರ್ಧಕ್ಕರ್ಧ ಜನ ಇದನ್ನೇ ಹಾಕಿರೋದು."

"ನಿಮ್ಮ ಬ್ಯಾಂಕಲ್ಲಿ ಚಿರೋಟಿ ಕರೀತಾರಾ?"

"ನೀನೂ ಕರೀಬೇಡ. ಎಷ್ಟು ಸಲ ಹೇಳಿದೀನಿ. ಆ ಎಣ್ಣೆ ಮುಂದೆ ನೀನು ನಿಂತಿರ್ತೀಯ ಅಂದ್ರೆ ನಂಗೆ ಕೌಂಟರಲ್ಲಿ ಕೆಲಸ ಓಡಲ್ಲ. ಸಿಡಿದ್ರೆ? ಕಾಲು ಜಾರಿದ್ರೆ? ಕಣ್ಣಿಗೆ ಬಿದ್ರೆ? ಮತ್ತೆ ಇದು ಕನ್ನಡಕದ್ದೇ ತಪ್ಪು ಅಂತ ಏನು ಗ್ಯಾರಂಟಿ? ಪೊರೆ ಬಂದ್ರೂ ಹಳದಿ ಕಾಣುತ್ತಂತೆ. ನಾನು ಓದಿದೀನಿ."

ಆ ಕೊನೆಯ ಮಾತಿಗೆ ಚೂಡಮ್ಮ ಹೆದರಿದರು. ಅದನ್ನು ಮುಖದ ಮೇಲೆ ತೋರಗೊಡದೆ ಕೇಳಿದರು: "ಅಂಗಡಿಯವನು ನಾನೇನ್ ಮಾಡ್ತೀನಿ ಅಂತ ಕೇಳಿದಾಗ ಏನಂದೆ ಅಕ್ಷಿ?"

ಅಕ್ಷಯಾ ಮಗುವಿನ ಕಾಲ್ಚೀಲ ಸರಿಮಾಡತೊಡಗಿದಳು. "ಮನೇಲಿರ್ತಾರೆ ಅಂದೆ. ಅದ್ರಲ್ಲಿ ಕೆಟ್ಟದ್ದೇನಿದೆ?"

"ಕೆಟ್ಟದ್ದೇನಿಲ್ಲ. ಸುಳ್ಳು, ಅಷ್ಟೇ. ಮನೇಲಿ ಕೂತು ಮೊಬೈಲ್ ನೋಡೋಳಿಗೆ ಬೇಕಾದ ಗಾಜು ಅವನು ಕೊಟ್ಟ. ಅವನದ್ದೇನೂ ತಪ್ಪಿಲ್ಲ. ನಾಚಿಕೆ ಆಯ್ತಾ ನಿಂಗೆ ಹೇಳೋಕೆ?"

"ನಾಚಿಕೆ ಅಲ್ಲಮ್ಮ, ಭಯ."

"ನಿನ್ನ ಭಯಕ್ಕೆ ನಾನು ಕುರುಡಿ ಆಗಬೇಕಾ?"

ಅಕ್ಷಯಾ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಕಣ್ಣು ತುಂಬಿಕೊಂಡಳು. ಚೂಡಮ್ಮನಿಗೆ ಪಾಪ ಎನಿಸಿತು; ಮಾತು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗಳಿಗೆ ಕಾಫಿ ಕೊಟ್ಟು, ಒಂದು ಹಿಡಿ ಹಿಟ್ಟು ಕಲಸಿ, ಸಣ್ಣ ಬಾಣಲೆಯಲ್ಲಿ ಎರಡೇ ಎರಡು ಚಿರೋಟಿ ಕರಿದರು. ಒಂದನ್ನು ಬೇಕೆಂದೇ ಹಸಿಯಾಗಿ ಎತ್ತಿದರು, ಇನ್ನೊಂದನ್ನು ಸರಿಯಾಗಿ. ಬೇರೆ ಬೇರೆ ಡಬ್ಬಿಗೆ ಹಾಕಿ ಚೀಲದಲ್ಲಿಟ್ಟುಕೊಂಡರು.

ಮರುದಿನ ಅಂಗಡಿಯ ಬಾಗಿಲು ತೆರೆಯುವಾಗಲೇ ಒಬ್ಬರೇ ಹೋಗಿ ನಿಂತರು.

"ಬನ್ನಿ ಆಂಟಿ. ಜೊತೆಗೆ ಯಾರೂ ಬಂದಿಲ್ವಾ?" ಎಂದ ಅಂಗಡಿಯವನು.

"ಕಣ್ಣು ನನ್ನದು. ನಾನು ಬಂದಿದೀನಲ್ಲ."

"ಅಲ್ಲಾ, ಮೇಡಂ ಬಂದಿದ್ರೆ ವಿವರ ಹೇಳಬಹುದಿತ್ತು…"

"ವಿವರ ನಾನೇ ಹೇಳ್ತೀನಿ, ಕೇಳಿಸ್ಕೊಳ್ಳಿ. ನಾನು ಅಡಿಗೆಯವಳು. ಮದುವೆಗಳಲ್ಲಿ ಚಿರೋಟಿ ಕರೀತೀನಿ. ಮೊನ್ನೆ ನೀವು ಇದನ್ನ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ಹೇಳಿದೀನಿ." ಚೀಲದಿಂದ ಡಬ್ಬಿಗಳನ್ನು ತೆಗೆದು, ಅಂಗಡಿಯವರದೇ ಬಿಳಿ ಕಾಗದವೊಂದನ್ನು ಎಳೆದುಕೊಂಡು, ಎರಡು ಚಿರೋಟಿಗಳನ್ನೂ ಗಾಜಿನ ಕಟ್ಟೆಯ ಮೇಲೆ ಇಟ್ಟರು. "ಇದು ಹಸಿ, ಇದು ಬೆಂದಿರೋದು. ಈ ಕನ್ನಡಕದಲ್ಲಿ ಎರಡೂ ಒಂದೇ ಥರ ಕಾಣ್ತವೆ. ಎರಡೂ ಬೇರೆ ಬೇರೆ ಕಾಣೋ ಗಾಜು ಯಾವ್ದಿದೆ, ತೋರ್ಸಿ."

ಅವನು ಚಿರೋಟಿ ನೋಡಿದ, ಚೂಡಮ್ಮನನ್ನು ನೋಡಿದ, ಒಳಗೆ ಕಣ್ಣು ಪರೀಕ್ಷೆ ಮಾಡುವ ರಕ್ಷಿತಾಳನ್ನು ಕರೆದ. ಮೊದಲ ಸಲ ಅಕ್ಷರಗಳ ಹಲಗೆ ಓದಿಸಿ ನಂಬರು ಬರೆದವಳು ಅವಳೇ. ಯಾವ ಗಾಜು, ಮೇಲೆ ಯಾವ ಲೇಪ ಎಂಬುದನ್ನು ಗೊತ್ತುಮಾಡಿದ್ದು ಹೊರಗೆ ಕೌಂಟರಿನಲ್ಲಿ.

ರಕ್ಷಿತಾ ಚೂಡಮ್ಮನ ಕನ್ನಡಕವನ್ನು ಕಾಗದದ ಮೇಲೆ ಹಿಡಿದು ಬಾಗಿ ನೋಡಿದಳು. "ಹೌದಲ್ವಾ," ಎಂದಳು. "ನೀಲಿ ತಡೆದ್ರೆ ಉಳಿಯೋದು ಸ್ವಲ್ಪ ಹಳದಿ ಛಾಯೆ. ಸಾಮಾನ್ಯವಾಗಿ ಯಾರೂ ಗಮನಿಸಲ್ಲ."

"ನನ್ನ ಅನ್ನ ಇರೋದೇ ಅದನ್ನ ಗಮನಿಸೋದ್ರಲ್ಲಿ ಕಣಮ್ಮ. ನಮ್ಮ ಹುಡುಗಿ ಪೊರೆ ಇರಬಹುದು ಅಂತಾಳೆ. ಅದನ್ನೂ ನೋಡ್ಬಿಡು. ಇದ್ದದ್ದು ಇದ್ದ ಹಾಗೆ ಹೇಳು."

ಕತ್ತಲೆ ಕೋಣೆಯಲ್ಲಿ ಕೂರಿಸಿ, ಯಂತ್ರದ ತುದಿಗೆ ಗಲ್ಲ ಇಡಿಸಿ ರಕ್ಷಿತಾ ತುಂಬ ಹೊತ್ತು ನೋಡಿದಳು. ಚೂಡಮ್ಮನ ತಲೆಯಲ್ಲಿ ಒಂದೇ ಯೋಚನೆ. ಇವಳೂ ಕಣ್ಣು ಹೋಯಿತು ಎಂದರೆ, ಶ್ರೀನಿವಾಸಯ್ಯ ಹೇಳಿದ್ದೇ ಸರಿ ಎಂದಾಗುತ್ತದೆ.

"ಶುರುವಾಗಿದೆ ಅಮ್ಮ. ಎಳೇದು. ಸದ್ಯಕ್ಕೆ ಬಣ್ಣ ಕೆಡಿಸೋವಷ್ಟಿಲ್ಲ. ಮುಂದೆ ಆಗುತ್ತೆ. ಯಾವಾಗ ಅಂತ ಹೇಳೋಕಾಗಲ್ಲ, ವರ್ಷಗಳೇ ಹಿಡೀಬಹುದು. ಡಾಕ್ಟರಿಗೂ ಒಂದ್ಸಲ ತೋರಿಸ್ಬಿಡಿ."

"ಬಂದಾಗ ತೆಗೆಸ್ತೀನಿ. ತೆಗೆದ ಮೇಲೆ ಕಣ್ಣೊಳಗೆ ಅವರು ಹಾಕ್ತಾರಲ್ಲ ಗಾಜು, ಅದಕ್ಕೂ ಹಿಂಗೆ ಬಣ್ಣ ಇರುತ್ತಾ?"

ರಕ್ಷಿತಾ ತಲೆ ಎತ್ತಿದಳು. ಇದನ್ನು ಅವಳನ್ನು ಯಾರೂ ಕೇಳಿರಲಿಲ್ಲವೇನೋ. "ಹಳದಿ ಛಾಯೆ ಇರೋದೂ ಬರುತ್ತೆ, ಪೂರ್ತಿ ತಿಳಿಯಾಗಿರೋದೂ ಬರುತ್ತೆ. ಡಾಕ್ಟರನ್ನ ಕೇಳಿ ಆರಿಸ್ಕೊಳ್ಳಿ."

"ಆಗ ಅಲ್ಲಿಗೂ ಎರಡು ಚಿರೋಟಿ ತಗೊಂಡು ಹೋಗ್ತೀನಿ ಬಿಡು."

ಹೊರಗೆ ಬಂದು ರಕ್ಷಿತಾ ಮಾದರಿ ಗಾಜುಗಳ ತಟ್ಟೆಯನ್ನೇ ತಂದಿಟ್ಟಳು. ಒಂದೊಂದನ್ನೇ ಚಿರೋಟಿಗಳ ಮೇಲೆ ಹಿಡಿದು ನೋಡುತ್ತ ಹೋದರು. ಬಿಸಿಲಿಗೆ ಕಪ್ಪಾಗುವ ಗಾಜು ನೆರಳಿನಲ್ಲೂ ಮಂಕಾಗಿತ್ತು. "ಇದ್ರಲ್ಲಿ ಹೋಳಿಗೆನೂ ಸುಟ್ಟಂಗೆ ಕಾಣುತ್ತೆ," ಎಂದು ಚೂಡಮ್ಮ ಪಕ್ಕಕ್ಕೆ ಸರಿಸಿದರು. ನೀಲಿ ತಡೆಯದ, ಹೊಳಪು ಮಾತ್ರ ತಡೆಯುವ ಲೇಪದ ಗಾಜಿನಲ್ಲಿ ಎರಡು ಚಿರೋಟಿಗಳು ಚೆನ್ನಾಗಿ ಬೇರೆಯಾದವು. ಏನೂ ಲೇಪವಿಲ್ಲದ ಬರೀ ಗಾಜಿನಲ್ಲೂ ಬೇರೆಯಾದವು, ಆದರೆ ಅಂಗಡಿಯ ಟ್ಯೂಬ್‌ಲೈಟು ಅದರೊಳಗೆ ಬಂದು ಕೂತಿತು.

"ಹೊಳಪು ತಡೆಯೋದನ್ನೇ ತಗೊಳ್ಳಿ," ಎಂದ ಅಂಗಡಿಯವನು. ಅಷ್ಟು ಹೊತ್ತಿಗೆ ಅವನಿಗೂ ಆಟದಲ್ಲಿ ಆಸಕ್ತಿ ಹುಟ್ಟಿತ್ತು.

"ಒಂದು ವಿಷಯ," ಎಂದಳು ರಕ್ಷಿತಾ. "ಬಾಣಲೆ ಬಿಸಿ ದಿನಾ ಮುಖಕ್ಕೆ ಹೊಡೆದ್ರೆ ಈ ಲೇಪ ತಡೆಯಲ್ಲ ಅಮ್ಮ. ಸಣ್ಣ ಸಣ್ಣ ಬಿರುಕು ಬಿಡುತ್ತೆ, ಪದರ ಎದ್ದಂಗೆ. ನೀವು ಏನ್ರಲ್ಲಿ ಒರೆಸ್ತೀರ? ನಾವು ಕೊಟ್ಟ ಬಟ್ಟೇಲಿ ತಾನೆ?"

"ಅದನ್ನ ಮಡೀಲಿ ಮುಟ್ಟೋ ಹಾಗಿಲ್ಲಮ್ಮ. ತಣ್ಣೀರು ಹಾಕ್ಕೊಂಡು, ಒದ್ದೆ ಸೀರೇಲಿ ನಿಂತಿರ್ತೀವಿ. ಸೆರಗಲ್ಲೇ ಒರೆಸೋದು."

"ಹಂಗಾದ್ರೆ ಇನ್ನೂ ಬೇಗ ಹೋಗುತ್ತೆ."

"ಪದರ ಬಿಡಬೇಕಾದ್ದು ನನ್ನ ಚಿರೋಟಿ, ಕನ್ನಡಕ ಅಲ್ಲ. ಲೇಪ ಬೇಡ. ಗೀರು ಬೀಳದ ಹಾಗೆ ಏನಾದ್ರೂ ಇದ್ರೆ ಅದೊಂದು ಹಾಕಿ."

"ಟ್ಯೂಬ್‌ಲೈಟ್ ಕಣ್ಣಿಗೆ ಹೊಡೆಯುತ್ತೆ. ಆಮೇಲೆ ನನ್ನ ಬೈಯ್ಬೇಡಿ," ಎಂದಳು ರಕ್ಷಿತಾ.

"ಬೈದ್ರೆ ಟ್ಯೂಬ್‌ಲೈಟನ್ನ ಬೈತೀನಿ."

ಫ್ರೇಮು ಮಾತ್ರ ದೊಡ್ಡದನ್ನು ಆರಿಸಿದರು, ಕೆನ್ನೆಯ ಮೇಲಕ್ಕೆ ಬರುವಂಥದ್ದು. ಎಣ್ಣೆ ಸಿಡಿದರೆ ಎಂದು ಅಕ್ಷಯಾ ಹೇಳಿದ್ದು ಸುಳ್ಳೇನಲ್ಲ. ಸಿಡಿದದ್ದನ್ನು ಅವರು ಕಂಡವರೇ; ಮೊಣಕೈಯ ಹತ್ತಿರ ಅದರ ಕಲೆಗಳಿದ್ದವು. ಗಾಜಿನ ಬದಲು ಒಡೆದರೂ ಚೂರಾಗದ ಪ್ಲಾಸ್ಟಿಕ್ಕೇ ಇರಲಿ ಎಂದರು.

ಕೊನೆಗೆ ರಕ್ಷಿತಾ ಕೇಳಿದಳು: "ಬಾಣಲೆ ನಿಮ್ಮ ಕಣ್ಣಿಂದ ಎಷ್ಟು ದೂರ ಇರುತ್ತೆ? ಮೊನ್ನೆ ನಾನು ಪುಸ್ತಕ ಓದೋ ದೂರಕ್ಕೆ ಕೊಟ್ಟಿದ್ದೆ."

ಚೂಡಮ್ಮ ಯೋಚಿಸಲಿಲ್ಲ. ಬಾಗಿಲ ಬಳಿಯಿದ್ದ ಕೊಡೆಯೊಂದನ್ನು ಎತ್ತಿಕೊಂಡರು. ಅಂಗಡಿಯ ನಡುವೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಸು ಮುಂದೆ ಬಾಗಿ, ಕೊಡೆಯನ್ನು ಸೌಟಿನಂತೆ ಹಿಡಿದು, ಇಲ್ಲದ ಎಣ್ಣೆಯನ್ನು ಇಲ್ಲದ ಚಿರೋಟಿಯ ಮೇಲೆ ಎರಚತೊಡಗಿದರು. ಫ್ರೇಮು ನೋಡುತ್ತಿದ್ದ ಕಾಲೇಜು ಹುಡುಗಿಯರಿಬ್ಬರು ಕಿಸಕ್ಕೆಂದರು.

"ನಗ್ರಮ್ಮ ನಗ್ರಿ. ನಿಮ್ಮ ಮದುವೆಗೆ ನಾನೇ ಬರೋದು," ಎಂದರು ಚೂಡಮ್ಮ, ಕೈ ನಿಲ್ಲಿಸದೆ.

ರಕ್ಷಿತಾ ಟೇಪು ಹಿಡಿದು ಅವರ ಕಣ್ಣಿನಿಂದ ಕೊಡೆಯ ತುದಿಯವರೆಗೆ ಅಳೆದಳು. ಅಳತೆ ಬರೆದುಕೊಂಡಳು. ಆಮೇಲೆ ಬೆಂದ ಚಿರೋಟಿಯನ್ನು ಅವಳೂ ಅಂಗಡಿಯವನೂ ಮುರಿದು ತಿಂದರು. ಹಸಿಯದನ್ನು ಚೂಡಮ್ಮ ಡಬ್ಬಿಗೆ ಹಾಕಿ ವಾಪಸು ತಂದರು.

ಚಾಮರಾಜಪೇಟೆಯ ಮದುವೆಯ ದಿನ ಶ್ರೀನಿವಾಸಯ್ಯನವರು ಛತ್ರಕ್ಕೆ ಬರುವ ಮೊದಲೇ ಚೂಡಮ್ಮ ಬಂದು ಸ್ನಾನ ಮಾಡಿ ಮಡಿಯುಟ್ಟಿದ್ದರು. ದೊಡ್ಡ ಬಾಣಲೆಯನ್ನು ಒಲೆಗೇರಿಸಿ ಎಣ್ಣೆ ಸುರಿದರು. ಹೊಸ ಕನ್ನಡಕದಲ್ಲಿ ಟ್ಯೂಬ್‌ಲೈಟು ರಕ್ಷಿತಾ ಹೇಳಿದಂತೆಯೇ ಕಣ್ಣಿಗೆ ಹೊಡೆಯಿತು. ಬೈದುಕೊಂಡು, ಬೆನ್ನ ಹಿಂದಿನದನ್ನು ಆರಿಸಿದರು. ಲಟ್ಟಣಿಗೆ ಹಿಡಿದು ಕೂತ ಹೆಂಗಸರು ಅವರನ್ನೂ, ತಮ್ಮ ಸಾಲಿನ ಕೊನೆಯಲ್ಲಿ ಖಾಲಿ ಬಿಟ್ಟಿದ್ದ ಮಣೆಯನ್ನೂ ನೋಡಿದರು.

ಮೊದಲು ಬಂದವನು ಅನಿರುದ್ಧ. ಎಣ್ಣೆಯ ಬಿಸಿ ಅಳೆಯುವ ಉದ್ದನೆಯ ಕಡ್ಡಿ ಅವನ ಸೊಂಟದಲ್ಲಿತ್ತು.

"ಅಮ್ಮ, ಇದು ನನ್ನ ಜಾಗ ಅಂದಿದ್ರು."

"ಅಂದಿರ್ತಾರೆ. ಬೋಂಡದ ಬಾಣಲೆ ಆ ಕಡೆ ಇದೆ, ಚೆನ್ನಾಗಿದೆ."

ಅನಿರುದ್ಧ ತಲೆ ಕೆರೆದುಕೊಂಡ. "ನಂಗೇನಿಲ್ಲ. ಬೈಗುಳ ಬಂದ್ರೆ ಪೂರ್ತಿ ನಿಮ್ದು, ನಂಗೆ ಪಾಲು ಬೇಡ," ಎಂದು ಹೇಳಿ ಬೋಂಡದ ಕಡೆ ಹೋದ.

ಬೈಗುಳ ಬಂತು. "ಯಾರು ಹೇಳಿದ್ದು ನಿಮಗೆ ಇಲ್ಲಿ ನಿಂತ್ಕೊಳ್ಳಿ ಅಂತ?" ಎಂದರು ಶ್ರೀನಿವಾಸಯ್ಯ, ಬಾಗಿಲಿನಿಂದಲೇ.

"ಯಾರೂ ಹೇಳ್ಲಿಲ್ಲ."

"ಮಲ್ಲೇಶ್ವರದಲ್ಲಿ ಆಗಿದ್ದು ಸಾಲದಾ? ಇವರು ಹಳೇ ಮನೆತನದೋರು ಚೂಡಮ್ಮ. ನನ್ನ ಹೆಸರು ಹೋಗುತ್ತೆ."

"ಒಂದು ಒಬ್ಬೆ ತೆಗೀತೀನಿ. ಹಸಿ ಇದ್ರೆ ನಾನೇ ಹೋಗಿ ಆ ಮಣೆ ಮೇಲೆ ಕೂರ್ತೀನಿ. ಅಲ್ಲೀವರೆಗೂ ಮಾತಾಡಿಸ್ಬೇಡಿ, ಎಣ್ಣೆ ಕಾದಿದೆ."

ಚಿರೋಟಿಗಳನ್ನು ಎಣ್ಣೆಗೆ ಬಿಟ್ಟರು. ತಳಕ್ಕೆ ಇಳಿದವು, ಮೇಲೆ ಬಂದವು, ಪದರ ಬಿಚ್ಚತೊಡಗಿದವು. ಚೂಡಮ್ಮ ಸೌಟಿನಿಂದ ಮೆಲ್ಲಗೆ ಎಣ್ಣೆ ಎರಚುತ್ತ ನೋಡಿದರು. ಒದ್ದೆ ಬಿಳುಪು. ಇನ್ನೂ ಒದ್ದೆ. ಶ್ರೀನಿವಾಸಯ್ಯನವರು ಬೆನ್ನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡರು. ಬಿಳುಪು ಒಣಗಿತು. ಎತ್ತಲಿಲ್ಲ. ಅಂಚಿಗೆ ಕೆನೆ ಹತ್ತಿತು, ಕೈಯೂ ಹೂಂ ಎಂದಿತು. ಎತ್ತಿ ಜರಡಿಯ ಮೇಲೆ ನಿಲ್ಲಿಸಿದರು.

ಆರಲು ಬಿಟ್ಟರು. ಶ್ರೀನಿವಾಸಯ್ಯನವರು ಒಂದನ್ನು ತೆಗೆದು ಅಂಗೈಯಲ್ಲಿಟ್ಟು ಹಿಸುಕಿದರು. ಒಣ ಎಲೆಯಂತೆ ಪುಡಿಯಾಯಿತು. ನಂಬಿಕೆ ಬರಲಿಲ್ಲವೋ ಏನೋ, ಇನ್ನೊಂದನ್ನು ಮುರಿದರು. ನಡುವಿನ ಪದರವನ್ನು ಉಗುರಿನಿಂದ ಬಿಡಿಸಿ ನೋಡಿದರು.

"ಸರಿ. ನಡೀಲಿ," ಎಂದು ತಿರುಗಿದರು.

ಚೂಡಮ್ಮ ಕೈ ಚಾಚಿ ಗ್ಯಾಸು ಆರಿಸಿದರು.

"ಇದೇನಿದು?"

"ಮಲ್ಲೇಶ್ವರದಲ್ಲಿ ಎಲ್ಲರ ಮುಂದೆ ಕಣ್ಣು ಹೋಯ್ತು ಅಂದ್ರಲ್ಲ. ಇವತ್ತು ಹೋಗಿಲ್ಲ ಅನ್ನಿ. ಎಲ್ಲರ ಮುಂದೇನೇ."

"ಮುಹೂರ್ತಕ್ಕೆ ಹೊತ್ತಾಗ್ತಾ ಬಂತು ಚೂಡಮ್ಮ."

"ಹಾಗಾದ್ರೆ ಬೇಗ ಅನ್ನಿ."

"ಅವತ್ತು ಕೆಟ್ಟಿದ್ದು ಸುಳ್ಳಾ?"

"ಸುಳ್ಳಲ್ಲ. ಕೆಟ್ಟಿದ್ದು ನನ್ನ ಬಾಣಲೇಲಿ. ತಪ್ಪು ನಂದೇ, ಕೈ ಹೇಳಿದ್ದನ್ನ ಕೇಳ್ಲಿಲ್ಲ. ಅದನ್ನ ಒಪ್ಕೊಳ್ತೀನಿ, ಇವರೆಲ್ಲ ಕೇಳಿಸ್ಕೊಳ್ಳಲಿ. ಆದ್ರೆ ಒಂದು ದಿನ ಕೆಟ್ಟಿದ್ದಕ್ಕೆ ಗಂಡಸರಿಗೆ ಹೋಗಿ ಕೂತ್ಕೋ ಅಂತ ನೀವು ಯಾವತ್ತಾದ್ರೂ ಹೇಳಿದೀರಾ? ಅವನ ಬೋಂಡ ಎಷ್ಟು ಸಲ ಸೀದಿಲ್ಲ."

"ನನ್ನನ್ಯಾಕೆ ಎಳೀತೀರ ಅಮ್ಮ," ಎಂದ ಅನಿರುದ್ಧ ಆ ಕಡೆಯಿಂದ.

ಮೇಲಿನ ಮಹಡಿಯಲ್ಲಿ ನಾಗಸ್ವರದವರು ಶ್ರುತಿ ಕೂಡಿಸುತ್ತಿದ್ದರು. ಶ್ರೀನಿವಾಸಯ್ಯ ಒಲೆಯನ್ನು ನೋಡಿದರು, ಲಟ್ಟಿಸಿಟ್ಟಿದ್ದ ಚಿರೋಟಿಗಳ ರಾಶಿಯನ್ನು ನೋಡಿದರು. "ಕಣ್ಣೇನೂ ಹೋಗಿಲ್ಲ," ಎಂದು ನೆಲ ನೋಡುತ್ತ ಗೊಣಗಿದರು.

"ಕೂತವರಿಗೆ ಕೇಳಿಸ್ಲಿಲ್ಲ."

"ಚೂಡಮ್ಮನ ಕಣ್ಣು ಚೆನ್ನಾಗಿದೆ. ನಾನಂದಿದ್ದು ತಪ್ಪು. ಬಾಣಲೆ ಅವರದೇ. ಸಾಕಾ?"

ಲಟ್ಟಿಸುತ್ತಿದ್ದವರಲ್ಲಿ ಒಬ್ಬಾಕೆ ತಲೆ ಎತ್ತದೆಯೇ ಕೇಳಿದಳು: "ಇವತ್ತಿಗೆ ಮಾತ್ರಾನಾ, ಮುಂದಕ್ಕೂನಾ?"

ಯಾರೋ ಸೆರಗಿನೊಳಗೆ ನಕ್ಕರು. ಶ್ರೀನಿವಾಸಯ್ಯ ಅತ್ತ ದುರುಗುಟ್ಟಿದರು. "ಮುಂದಕ್ಕೂ ಕಣ್ರಮ್ಮ. ಈಗ ಒಲೆ ಹಚ್ಚಿ ಮಾರಾಯ್ರೆ."

ಚೂಡಮ್ಮ ಒಲೆ ಹಚ್ಚಿದರು. ಎಣ್ಣೆಯ ಬಿಸಿ ಇಳಿದಿತ್ತು, ಮತ್ತೆ ಏರಬೇಕು. ಒದ್ದೆ ಸೆರಗಿನಿಂದ ಕನ್ನಡಕ ಒರೆಸಿ, ಬೆಳಕಿಗೆ ಹಿಡಿದು, ಹಾಕಿಕೊಂಡರು.

"ಬಿಡಿ ಬಿಡಿ, ಹಾಕ್ಬಿಡಿ, ಜನ ಬಂದ್ಬಿಟ್ರು," ಎಂದರು ಶ್ರೀನಿವಾಸಯ್ಯ, ಅವರ ಭುಜದ ಹಿಂದೆಯೇ ನಿಂತು.

"ನೀವು ಹೋಗಿ ಪಲ್ಯ ನೋಡಿ," ಎಂದರು ಚೂಡಮ್ಮ, ಬಾಣಲೆಯಿಂದ ಕಣ್ಣು ತೆಗೆಯದೆ. "ಇದನ್ನ ನಾನು ನೋಡ್ತೀನಿ."